ಅಡುಗೆಮನೆಗೆ ಹೋಗುವ ಚೀಟಿ

ಆ ವರ್ಷ ಜಗದಾಂಬ ಟೀಚರಿಗೆ ಬಂದ ಆರ್ಡರುಗಳು ಒಂದೆರಡಲ್ಲ. ಮತದಾರರ ಪಟ್ಟಿ ಹಿಡಿದು ಮನೆಮನೆ ಅಲೆದದ್ದಾಗಿತ್ತು. ಭಾನುವಾರ ಬೂತಿನಲ್ಲಿ ಕೂತು ಪೋಲಿಯೊ ಹನಿ ಹಾಕಿಸಿದ್ದಾಗಿತ್ತು. ಶಾಲೆ ಬಿಟ್ಟ ಮಕ್ಕಳ ಗಣತಿಗೆಂದು ಎಸ್ಟೇಟಿನ ಕೂಲಿ ಲೈನುಗಳ ನಾಯಿಗಳಿಂದೆಲ್ಲ ಬೊಗಳಿಸಿಕೊಂಡು ಬಂದದ್ದಾಗಿತ್ತು. ಡಿಸೆಂಬರಿನ ಮೊದಲ ವಾರ ಇನ್ನೊಂದು ಬಂತು. ಈ ಸಲ ಮನಸ್ಸು.

ಹೆಡ್‌ಮಾಸ್ಟರ್ ಪರಮಶಿವಯ್ಯನವರು ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಓದಿದರು. ಅಪಘಾತದಂಥ ವಿಪತ್ತಿನ ನಂತರ ಮಕ್ಕಳ ಮಾನಸಿಕ ಆರೋಗ್ಯ ಕಾಪಾಡುವ ಬಗ್ಗೆ ಶಾಲಾ ಸಿಬ್ಬಂದಿಗೆ ಎರಡು ದಿನದ ತರಬೇತಿ, ಸಕಲೇಶಪುರದ ಶಿಕ್ಷಕರ ಕೇಂದ್ರ ಬಿ.ಆರ್.ಸಿ.ಯಲ್ಲಿ, ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕರು.

"ನೀವೇ ಹೋಗ್ಬನ್ನಿ ಮೇಡಂ," ಎಂದರು. "ನಾನು ರಿಟೈರ್ ಆಗಾಕೆ ಇನ್ನು ಏಳು ತಿಂಗ್ಳೈತೆ. ಈಗ ಮನಸ್ಸಿನ ವಿಷ್ಯ ಕಲ್ತು ಎಲ್ಲಿಗೆ ಹಾಕ್ಲಿ?"

"ಇರೋದೇ ನಾವಿಬ್ಬರು ಸಾರ್. ಐದು ಕ್ಲಾಸೂ ಒಬ್ಬರೇ ನೋಡ್ಕೋತೀರಾ?"

"ಅಡುಗೆ ಈರಮ್ಮ ಅವ್ಳೆ ಅಲ್ವಾ? ಚಿಕ್ಕವನ್ನ ಅಡುಗೆಮನೆ ಮುಂದೆ ಕೂರಿಸ್ಬುಟ್ರೆ ಅವಳು ನೋಡ್ಕತಾಳೆ."

ಈರಮ್ಮನ ಹೆಸರು ಬಂದಮೇಲೆ ಜಗದಾಂಬ ಮಾತು ಬೆಳೆಸಲಿಲ್ಲ. ಆರ್ಡರನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಆ ತಿಂಗಳು ಅವರು ಬೆಳೆಸದೆ ಬಿಟ್ಟ ಮಾತುಗಳೇ ಹೆಚ್ಚು.

ಯಸಳೂರಿನಿಂದ ನಾಲ್ಕು ಕಿಲೋಮೀಟರು ಒಳಗಿನ ಆ ಶಾಲೆಯಲ್ಲಿ ನಲವತ್ತಮೂರು ಮಕ್ಕಳು. ಅರ್ಧಕ್ಕರ್ಧ ಮೇಲಿನ ಎಸ್ಟೇಟಿನ ಲೈನಿನವು. ನವೆಂಬರ್ ಹದಿನೆಂಟನೇ ತಾರೀಕು, ಗುರುವಾರ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸೈಕಲ್ಲಿನಲ್ಲಿ ಬಂದು, ಮೇಲಿನ ದಾರಿಯಲ್ಲಿ ಆನೆ ನಿಂತಿವೆ, ಮಕ್ಕಳನ್ನು ನಡೆಸಿ ಕಳಿಸಬೇಡಿ ಎಂದು ಹೇಳಿ ಹೋಗಿದ್ದ. ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿದ್ದರು. ಸಾಯಂಕಾಲ ಗೊಬ್ಬರದ ಮೂಟೆ ಇಳಿಸಿ ಖಾಲಿ ಹೋಗುತ್ತಿದ್ದ ಎಸ್ಟೇಟಿನ ಜೀಪನ್ನು ಜಗದಾಂಬ ಕೈ ಅಡ್ಡ ಹಾಕಿ ನಿಲ್ಲಿಸಿದರು. ಲೈನಿನ ಒಂಬತ್ತು ಮಕ್ಕಳನ್ನು ಹತ್ತಿಸಿದರು. ಕೆರೆ ದಾಟಿದ ಮೇಲಿನ ತಿರುವಿನಲ್ಲಿ ರಸ್ತೆಯ ಅಂಚು ಕುಸಿದು ಜೀಪು ತೋಟದೊಳಕ್ಕೆ ಉರುಳಿತು. ಡ್ರೈವರ್ ವೆಂಕಟೇಶನ ಕಾಲು ಮುರಿಯಿತು. ಐದನೇ ಕ್ಲಾಸಿನ ಗಗನಾಳ ಕೈ ಮುರಿಯಿತು. ಇನ್ನುಳಿದವಕ್ಕೆ ತರಚು ಗಾಯ. ನಾಲ್ಕನೇ ಕ್ಲಾಸಿನ ತನುಜಾ ಒಬ್ಬಳು ಹೋದಳು.

ತನುಜಾ ಶಾಲೆಯಲ್ಲಿ ಬಿಸಿಯೂಟ ಮಾಡುವ ಈರಮ್ಮನ ಮಗಳು.

ಊರಿನಲ್ಲಿ ಯಾರೂ ಜಗದಾಂಬನವರನ್ನು ಒಂದು ಮಾತು ಅನ್ನಲಿಲ್ಲ. "ಆನೆ ಬಾಯಿಗೆ ಕಳಿಸಾಕಾಯ್ತದಾ? ಟೀಚರಮ್ಮ ಒಳ್ಳೇದಕ್ಕೇ ಮಾಡಿದ್ದು," ಎಂದರು. ಊರಿಗೆ ಗೊತ್ತಿದ್ದದ್ದು ಅಷ್ಟೇ. ತನುಜಾ ಜೀಪು ಹತ್ತಲೊಲ್ಲೆ ಅಂದದ್ದು ಊರಿಗೆ ಗೊತ್ತಿರಲಿಲ್ಲ. "ನಮ್ಮವ್ವ ಪಾತ್ರೆ ತಿಕ್ಕಿ ಬರ್ತದೆ ಮಿಸ್, ಅವ್ವನ ಜೊತೇಲೇ ಹೋಗ್ತೀನಿ," ಎಂದು ಹುಡುಗಿ ಜೀಪಿನ ಹಿಂಬಾಗಿಲ ಹತ್ತಿರ ಕಾಲೂರಿ ನಿಂತಿತ್ತು. ಈರಮ್ಮನ ಕೆಲಸ ಮುಗಿಯಲು ಇನ್ನೂ ಅರ್ಧ ಗಂಟೆಯಿತ್ತು. ಮಕ್ಕಳಿರುವಾಗ ಟೀಚರ್ ಹೊರಡುವಂತಿಲ್ಲ, ಹುಡುಗಿ ಉಳಿದರೆ ತಾನೂ ಉಳಿಯಬೇಕು, ನಾಲ್ಕೂಮುಕ್ಕಾಲರ ಬಸ್ಸು ತಪ್ಪುತ್ತದೆ. ಅಂದು ಬೆಳಗಿನಿಂದ ಸೊಂಟ ಬೇರೆ ನೋಯುತ್ತಿತ್ತು. "ಹತ್ತೇ ಸುಮ್ನೆ, ಹಟ ಮಾಡ್ಬೇಡ," ಎಂದು ಅವಳ ರಟ್ಟೆ ಹಿಡಿದು ಎತ್ತಿ ಕೂರಿಸಿದ್ದು ಜಗದಾಂಬನವರೇ. ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು.

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಹೇಳಬೇಕಾದವಳು ಒಬ್ಬಳೇ ಎಂದು ಗೊತ್ತಿತ್ತು. ಈರಮ್ಮ ಹನ್ನೆರಡನೆಯ ದಿನಕ್ಕೇ ಕೆಲಸಕ್ಕೆ ಬಂದಳು. ಅವಳ ಗಂಡ ಗುಂಡಯ್ಯ ಎಸ್ಟೇಟಿನಲ್ಲಿ ನೆರಳು ಮರ ಹತ್ತಿ ಕೊಂಬೆ ಕಡಿಯುವ ಮರಗಸಿ ಮಾಡುವವನು, ಮಗಳು ಹೋದಮೇಲೆ ಮರ ಹತ್ತಿರಲಿಲ್ಲ. ಇವಳೂ ಮನೆಯಲ್ಲಿ ಕೂತರೆ ಅಡುಗೆಯ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಬಂದವಳು ಮೊದಲಿನಂತೆಯೇ ಹನ್ನೊಂದು ಗಂಟೆಗೆ ಟೀಚರ ಮೇಜಿನ ಮೇಲೆ ಒಂದು ಲೋಟ ಕಾಫಿ ತಂದಿಟ್ಟಳು. ದಿನಾ ಇಡುತ್ತಿದ್ದಳು. ಜಗದಾಂಬ ಅವಳು ಅತ್ತ ತಿರುಗಿದ ಮೇಲೆ ಅದನ್ನು ಕಿಟಕಿಯಾಚೆಯ ದಾಸವಾಳದ ಬುಡಕ್ಕೆ ಚೆಲ್ಲಿ ಖಾಲಿ ಲೋಟ ವಾಪಸ್ಸು ಕಳಿಸುತ್ತಿದ್ದರು.

ಹೆಡ್‌ಮಾಸ್ಟರು ಎರಡು ಸಲ ನೆನಪಿಸಿದ್ದರು: "ಆ ಹುಡುಗಿ ಹೆಸ್ರಿಗೆ ಕೆಂಪು ಗೆರೆ ಹೊಡ್ದು ಮರಣ ಅಂತ ಬರೀಬೇಕು ಮೇಡಂ, ರೂಲ್ಸು." "ನಾಳೆ ಹೊಡೀತೀನಿ ಸಾರ್," ಅನ್ನುತ್ತಿದ್ದರು. ಬೆಳಿಗ್ಗೆ ಹಾಜರಿ ಕರೆಯುವಾಗ ಆ ಹೆಸರು ಬಂದರೆ ಕಣ್ಣು ಕೆಳಗಿನ ಸಾಲಿಗೆ ಜಾರುತ್ತಿತ್ತು. ಚೌಕದಲ್ಲಿ ಬಂದಳೆಂದೂ ಇಲ್ಲ, ಬರಲಿಲ್ಲವೆಂದೂ ಇಲ್ಲ, ಒಂದು ಚುಕ್ಕೆ. ಆಮೇಲೆ ಒಟ್ಟು ನಲವತ್ತಮೂರರಲ್ಲಿ ಬಾರದವರನ್ನು ಕಳೆದು, ಉಳಿದದ್ದನ್ನು ಒಂದು ಚೀಟಿಯಲ್ಲಿ ಬರೆದು ಗಗನಾಳ ಕೈಲಿ ಅಡುಗೆಮನೆಗೆ ಕಳಿಸುತ್ತಿದ್ದರು. ಅದನ್ನು ನೋಡಿಕೊಂಡು ಈರಮ್ಮ ಅಕ್ಕಿ ಅಳೆಯುತ್ತಿದ್ದಳು.

ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದವಳು ಮೋನಿಕಾ ಎಂಬ ಹುಡುಗಿ. ಹುಡುಗಿಯೇ, ಜಗದಾಂಬನವರ ಮಗಳ ವಯಸ್ಸು. ಹತ್ತಿ ಸೀರೆ ಉಟ್ಟು, ನೆಗಡಿಯಾಗಿ ಮೂಗು ಕೆಂಪಗೆ ಮಾಡಿಕೊಂಡಿದ್ದಳು. ಮೊದಲು ಎಲ್ಲರನ್ನೂ ಎಬ್ಬಿಸಿ ವೃತ್ತಾಕಾರವಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದಳು. ನಲವತ್ತು ದಾಟಿದ ಮೇಷ್ಟ್ರುಗಳು ಪಕ್ಕದವರ ಮುಖ ನೋಡಿಕೊಂಡು ಚಪ್ಪಾಳೆ ತಟ್ಟಿದರು.

ಮೊದಲ ದಿನ ಮಧ್ಯಾಹ್ನ ಒಂದು ಹಾಳೆ ಹಂಚಿದಳು. ಆಘಾತಕ್ಕೊಳಗಾದ ಮಗುವಿನಲ್ಲಿ ಕಾಣುವ ಲಕ್ಷಣಗಳು: ನಿದ್ದೆ ಸರಿಯಾಗಿ ಬಾರದಿರುವುದು, ಊಟ ಸೇರದಿರುವುದು, ನಡೆದ ಸ್ಥಳದ ಕಡೆ ಹೋಗಲು ಹಿಂಜರಿಕೆ, ಸಣ್ಣ ಸದ್ದಿಗೂ ಬೆಚ್ಚುವುದು, ಮಾಡಬೇಕಾದ ಕೆಲಸವನ್ನು ಮುಂದೂಡುವುದು. ನಿಮ್ಮ ಶಾಲೆಯ ಒಂದು ಮಗುವನ್ನು ನೆನಪಿಸಿಕೊಂಡು ಗುರುತು ಹಾಕಿ ಎಂದಳು. ಜಗದಾಂಬ ಗಗನಾಳನ್ನು ನೆನೆದು ಪೆನ್ನು ಹಿಡಿದರು. ಅವಳು ಊಟ ಮಾಡುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ನಿದ್ದೆಯ ವಿಷಯ ಕೇಳಿರಲಿಲ್ಲ. ಆದರೂ ಪೆನ್ನು ಒಂದಾದ ಮೇಲೊಂದಕ್ಕೆ ಗುರುತು ಹಾಕುತ್ತಾ ಹೋಯಿತು. ಹಾಳೆಯ ತುದಿಗೆ ಬಂದಾಗ ತಾನು ಬರೆಯುತ್ತಿರುವುದು ಯಾರ ವಿಷಯವೆಂದು ಅವರಿಗೆ ತಿಳಿಯಿತು. ಹಾಳೆಯನ್ನು ಮಗುಚಿ ಅದರ ಮೇಲೆ ಬ್ಯಾಗು ಇಟ್ಟರು.

ಆಮೇಲೆ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿದಳು. ಐದು ನಿಮಿಷ ಒಬ್ಬರು ಮಾತಾಡಬೇಕು, ಇನ್ನೊಬ್ಬರು ಬರೀ ಕೇಳಬೇಕು. ಬುದ್ಧಿ ಹೇಳುವಂತಿಲ್ಲ. ಸಮಾಧಾನ ಮಾಡ್ಕೊಳ್ಳಿ, ದೇವರಿದ್ದಾನೆ, ಎಲ್ಲ ಸರಿಹೋಗುತ್ತೆ, ಈ ಮೂರು ಮಾತು ನಿಷಿದ್ಧ.

"ಆ ಮೂರು ಬುಟ್ರೆ ನಮ್ಮತ್ರ ಬೇರೇನೈತೆ ಮೇಡಂ?" ಎಂದ ದೋಣಿಗಲ್ ಕಡೆಯ ಶಾಲೆಯ ರವಿಚಂದ್ರ. ಎಲ್ಲರೂ ನಕ್ಕರು. ಮೋನಿಕಾಳೂ ನಕ್ಕು ಮೂಗು ಒರೆಸಿಕೊಂಡಳು.

ಜಗದಾಂಬನವರ ಜೋಡಿ ಅವನೇ ಆದ. ತನ್ನ ಐದು ನಿಮಿಷವನ್ನೂ ಅವನು ಟ್ರಾನ್ಸ್‌ಫರಿಗೇ ಖರ್ಚು ಮಾಡಿದ. "ಹೆಂಡ್ತಿ ಆಲೂರು, ನಾನು ಘಾಟಿ ಬಾಯಲ್ಲಿ. ಇದೂ ಒಂಥರಾ ವಿಪತ್ತೇ ಅಲ್ವಾ ಮೇಡಂ? ಈಗ ನಿಮ್ದು ಹೇಳಿ."

ಅವನು ಗಲ್ಲಕ್ಕೆ ಕೈಕೊಟ್ಟು ನಿಜವಾಗಿಯೇ ಕೇಳಲು ಕೂತಿದ್ದ, ಪಾಪ. "ನಮ್ಮನೆ ಗ್ಯಾಸು ಮುಗಿದು ಹದಿನೈದು ದಿನ ಆಯ್ತು," ಎಂದರು ಜಗದಾಂಬ. ಉಳಿದ ನಾಲ್ಕೂಮುಕ್ಕಾಲು ನಿಮಿಷವನ್ನೂ ಸಿಲಿಂಡರಿಗೇ ಖರ್ಚು ಮಾಡಿದರು.

ಎರಡನೆಯ ದಿನ ಮೋನಿಕಾ ಕೇಳಿದಳು: "ನಿಮ್ಮ ಶಾಲೆಯಲ್ಲಿ ಮಕ್ಕಳು ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡ್ತಾರೆ?" ಅವಳ ಕಣ್ಣು ತನ್ನ ಮೇಲೆ ನಿಂತದ್ದು ಕಂಡು ಜಗದಾಂಬ ನಿಜವನ್ನೇ ಹೇಳಿದರು. "ಅಡುಗೆಯವಳ ಹತ್ತಿರ."

"ಹೌದಾ? ಮತ್ತೆ ಅವರನ್ನ ಯಾಕೆ ಕರೆಸಿಲ್ಲ?"

"ಆರ್ಡರಲ್ಲಿ ಶಿಕ್ಷಕರು ಅಂತ ಮಾತ್ರ ಐತೆ," ಎಂದರು ಹಿಂದಿನಿಂದ ಯಾರೋ.

ಮೋನಿಕಾ ಬಿ.ಆರ್.ಸಿ.ಯವರ ಜೊತೆ ಪಿಸುಗುಟ್ಟಿದಳು. ಸಂಜೆಯ ಹೊತ್ತಿಗೆ ಹೊಸದೊಂದು ಫಾರಂ ಜೆರಾಕ್ಸ್ ಆಗಿ ಬಂತು. ಪ್ರತಿಯೊಬ್ಬರೂ ತಮ್ಮ ಶಾಲೆಯ ಅಡುಗೆಯವರನ್ನು ಕೂರಿಸಿಕೊಂಡು ಕಲಿತದ್ದನ್ನು ಹೇಳಿಕೊಡಬೇಕು, ಆರು ಪ್ರಶ್ನೆಗಳಿಗೆ ಅವರ ಉತ್ತರ ಬರೆದುಕೊಂಡು, ಕೆಳಗೆ ಅವರ ಸಹಿ ಹಾಕಿಸಿ ಶನಿವಾರದೊಳಗೆ ಕಳಿಸಬೇಕು.

"ಬಾಯ್ಬಿಟ್ರಿ ನೋಡಿ ಮೇಡಂ," ಎಂದ ರವಿಚಂದ್ರ ಮೆಟ್ಟಿಲಿಳಿಯುತ್ತಾ. "ಹತ್ತು ಶಾಲೆಗೂ ಕೆಲ್ಸ ಹಚ್ಚಿದ್ರಿ."

ಬಸ್‌ಸ್ಟ್ಯಾಂಡಿನವರೆಗೆ ಮೋನಿಕಾ ಜೊತೆಗೆ ಬಂದಳು. "ನಿಮ್ಮ ಶಾಲೆಯ ಮಗುವೇ ಅಲ್ವಾ ಮೇಡಂ ತೀರಿಹೋದದ್ದು? ಎರಡು ದಿನಾನೂ ನೀವು ಆ ಬಗ್ಗೆ ಏನೂ ಹೇಳಲಿಲ್ಲ."

"ಏನು ಹೇಳೋದಮ್ಮಾ," ಎಂದರು ಜಗದಾಂಬ. ಆ ಮಗುವಿನ ತಾಯಿಯೇ ನಮ್ಮ ಅಡುಗೆಯವಳು ಎಂದು ಹೇಳಬಹುದಿತ್ತು. ಹೇಳಿದ್ದರೆ ಬಹುಶಃ ಮೋನಿಕಾ ಫಾರಂ ವಾಪಸ್ಸು ಇಸಿದುಕೊಳ್ಳುತ್ತಿದ್ದಳು. ಬಸ್ಸು ಬಂತು, ಹತ್ತಿದರು. ಈ ಸಲವೂ ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು. ಅವರು ನಿಂತುಕೊಂಡೇ ಊರಿಗೆ ಬಂದರು.

ಮನೆಯಲ್ಲಿ ಗಂಡ ರಾಜಶೇಖರ್ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುವವರು, ಹೆಂಡತಿಯನ್ನು ಕಂಡು, "ಏನಮ್ಮಾ, ಮನಸ್ಸು ರಿಪೇರಿ ಕಲ್ತಾಯ್ತಾ? ಮೊದಲು ನನ್ನದು ನೋಡು," ಎಂದರು. ಜಗದಾಂಬ ಸೀಮೆಎಣ್ಣೆ ಸ್ಟೌಗೆ ಪಿನ್ನು ಚುಚ್ಚುತ್ತಾ, "ನಿಮ್ಮದು ಸ್ಪೇರ್ ಸಿಗಲ್ಲ," ಎಂದರು. ನಗು ಬರಲಿಲ್ಲ, ಇಬ್ಬರಿಗೂ.

ಮರುದಿನ ಗುರುವಾರ. ಹೆಡ್‌ಮಾಸ್ಟರು ಫಾರಂ ತಿರುವಿ ಹಾಕಿ ನಾಲಿಗೆ ಕಚ್ಚಿಕೊಂಡರು. "ಈರಮ್ಮನಿಗೆ ಇದನ್ನ ಹೇಳಾಕಾಯ್ತದೇನ್ರೀ? ನೀವೇ ಉತ್ತರ ತುಂಬ್ಬುಡಿ. ಸೈನ್ ಒಂದು ಹಾಕಿಸ್ಕಂಡ್ರೆ ಆಯ್ತು. ಯಾವ್ದೋ ರೇಷನ್ ಕಾಗದ ಅಂದ್ರೆ ಹಾಕ್ತಾಳೆ."

ಅದು ಸುಲಭವಿತ್ತು. ಹನ್ನೊಂದು ಗಂಟೆಗೆ ಕಾಫಿ ಲೋಟದ ಜೊತೆ ಈರಮ್ಮ ಬಂದಾಗ ಫಾರಂ ಮೇಜಿನ ಮೇಲೆಯೇ ಇತ್ತು, ಪೆನ್ನೂ ಇತ್ತು. ಇಲ್ಲೊಂದು ಸೈನ್ ಹಾಕು ಎನ್ನಲು ಎಷ್ಟು ಹೊತ್ತು? ಈರಮ್ಮ ಲೋಟವಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದು ಗಳಿಗೆ ನಿಂತಳು. ಏನೋ ಕಾಯುತ್ತಿರುವವಳಂತೆ. ಇತ್ತೀಚೆಗೆ ದಿನವೂ ಹೀಗೆ ಒಂದು ಗಳಿಗೆ ನಿಂತು ಹೋಗುತ್ತಾಳೆ ಎಂಬುದು ಜಗದಾಂಬನವರಿಗೆ ಆಗ ಹೊಳೆಯಿತು.

ಮಧ್ಯಾಹ್ನ ಊಟವಾಗಿ ಮಕ್ಕಳು ಬಯಲಿಗೆ ಓಡಿದ ಮೇಲೆ ಅವರೇ ಅಡುಗೆಮನೆಯ ಹಿಂದಕ್ಕೆ ಹೋದರು. ಈರಮ್ಮ ಅನ್ನದ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಬಗ್ಗಿಸಿ ಬೂದಿ ಹಾಕಿ ತಿಕ್ಕುತ್ತಿದ್ದಳು. ಜಗದಾಂಬ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತರು. ಫಾರಂ ತೊಡೆಯ ಮೇಲಿಟ್ಟುಕೊಂಡರು.

"ಇದೇನು ಟೀಚ್ರೇ, ಇಲ್ಲಿಗಂಟ?"

"ಸಕಲೇಶಪುರದಲ್ಲಿ ಕೊಟ್ಟವ್ರೆ. ಜೀಪಲ್ಲಿದ್ದ ಮಕ್ಕಳ ವಿಷ್ಯ. ನಿನ್ನ ಕೇಳಿ ಬರ್ಕೊಳ್ಳಬೇಕಂತೆ. ನಿಂಗೆ ಬೇಡ ಅಂದ್ರೆ ಬೇಡ."

"ಕೇಳಿ," ಎಂದಳು ಈರಮ್ಮ. ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಮಕ್ಕಳು ಊಟ ಬಿಡುತ್ತಿವೆಯೇ ಎಂಬುದು ಮೊದಲನೆಯ ಪ್ರಶ್ನೆ.

"ಗಗನಾ ಸಾಂಬಾರ್ ಮುಟ್ಟಾಕಿಲ್ಲ. ಕೆಂಪಗೆ ಕಂಡ್ರೆ ಆಗಾಕಿಲ್ಲ ಅದಕ್ಕೆ. ಮನೆಯಿಂದ ಒಂದು ಸೀಸೆ ಮಜ್ಜಿಗೆ ತಂದಿರ್ತೀನಿ, ಅದ್ರಾಗೆ ಕಲಸಿಕೊಡ್ತೀನಿ. ಮಾದಮ್ಮನ ಮೊಮ್ಮಗ ಜೀಪಿನ ಸದ್ದು ಕೇಳಿದ್ರೆ ಇಲ್ಲಿಗೆ ಓಡ್ಬಂದು ಸೌದೆ ಹಿಂದೆ ಕೂರ್ತದೆ. ಸದ್ದು ದೂರಾದ ಮೇಲೆ, ಹೋಯ್ತು ಕಣಪ್ಪ ಅಂತೀನಿ, ಎದ್ದೋಗ್ತದೆ. ಇನ್ನೊಂದೈತಲ್ಲ, ಎರಡನೇ ಕ್ಲಾಸಿಂದು, ಅದು ಚಡ್ಡಿಯಾಗೆ ಮಾಡ್ಕಳ್ತದೆ. ಅದಕ್ಕೊಂದು ಚಡ್ಡಿ ತಂದಿಟ್ಟಿವ್ನಿ ಮೇಲಿನ ಗೂಡ್ನಾಗೆ. ಅದನ್ನ ಬರೀಬ್ಯಾಡಿ, ನಾಚ್ಕತದೆ."

ಜಗದಾಂಬ ಬರೆಯುತ್ತಾ ಹೋದರು. ಎರಡು ದಿನ ಕೂತು ತಾನು ಕಲಿತದ್ದನ್ನೆಲ್ಲ ಇವಳು ಬೂದಿಯ ಕೈಯಲ್ಲೇ ಮಾಡಿ ಮುಗಿಸಿದ್ದಳು. ತನ್ನ ಕ್ಲಾಸಿನ ಮಕ್ಕಳು ತನ್ನ ಕಣ್ಣೆದುರಿಗೇ ಕೂತಿದ್ದವು, ತನಗೆ ಇದೊಂದೂ ಕಂಡಿರಲಿಲ್ಲ.

"ಆಯ್ತಾ?" ಎಂದಳು ಈರಮ್ಮ.

"ಕೊನೇದೊಂದು. ನಿಂಗೆ ಶಾಲೆ ಕಡೆಯಿಂದ ಏನಾದ್ರೂ ನೆರವಾಗ್ತಾ ಇದೆಯಾ ಅಂತ."

ಈರಮ್ಮ ಪಾತ್ರೆಯಿಂದ ತಲೆ ಎತ್ತಿದಳು. ಮುಂಗೈಯಿಂದ ಕೂದಲು ಸರಿಸಿಕೊಂಡು, "ಅದನ್ನೂ ಕೇಳ್ತಾರಾ?" ಎಂದಳು. ಬೇಲಿಯ ಕಡೆಗೆ ಗಲ್ಲ ತೋರಿಸಿದಳು. ಅಲ್ಲಿ ಕಲ್ಲಿನ ಮೇಲೆ ಒಂದು ಬಾಳೆ ಎಲೆಯ ತುಂಡಿನಲ್ಲಿ ಅನ್ನ ಸಾಂಬಾರು ಬಡಿಸಿಟ್ಟಿತ್ತು. ಕಾಗೆಯೊಂದು ಅಂಚಿನಿಂದ ಕೆದಕುತ್ತಿತ್ತು. "ನೀವು ದಿನಾ ಅವಳನ್ನೂ ಸೇರಿಸಿ ಬರ್ದು ಕಳಿಸ್ತೀರಲ್ಲ ಟೀಚ್ರೇ, ಅದೇ."

ಜಗದಾಂಬನವರಿಗೆ ಅರ್ಥವಾಗಲಿಲ್ಲ.

"ಚೀಟಿ," ಎಂದಳು ಈರಮ್ಮ. "ಕೆಲ್ಸಕ್ಕೆ ಬಂದ ಮೊದಲ್ನೇ ದಿನವೇ ಗೊತ್ತಾಯ್ತು. ತಲೆ ಎಣಿಸಿದ್ರೆ ನಲವತ್ತು. ಚೀಟಿಯಾಗೆ ನಲವತ್ತೊಂದು. ಮರೆತವ್ರೆ ಅನ್ಕಂಡೆ. ಮಾರನೇ ದಿನವೂ ಹಂಗೇ. ಆಮೇಲೆ ಅನ್ಕಂಡೆ, ಬಾಯಲ್ಲಿ ಹೇಳಾಕಾಗ್ದೆ ಹಿಂಗೆ ಬರೀತಾವ್ರೆ ಅಂತ. ಒಂದು ಪಾಲು ಅಳ್ದು ಹಾಕಿ ಎಡೆ ಇಡ್ತಿವ್ನಿ. ಇಸ್ಕೂಲ್ ಅನ್ನ ಅಂದ್ರೆ ಇಷ್ಟ ಅದಕ್ಕೆ, ಮನೇಲಿ ಉಣ್ತಿರ್ಲಿಲ್ಲ."

ಕೆಂಪು ಗೆರೆ ಎಳೆಯಲಾರದ ತನ್ನ ಹೇಡಿತನ ಇಲ್ಲಿ ದಿನವೂ ಒಂದು ತುತ್ತಾಗಿ ಇಳಿಯುತ್ತಿತ್ತು. ಹೌದು ಈರಮ್ಮ, ಬೇಕೆಂದೇ ಬರೆದೆ ಎಂದುಬಿಟ್ಟರೆ ಇವಳಿಗೂ ಹಿತ, ತನಗೂ ಹಿತ. ಫಾರಂ ತುಂಬುತ್ತದೆ. ನಾಳೆಯೂ ಕಾಫಿ ಬರುತ್ತದೆ.

"ಬೇಕಂತ ಬರೆದದ್ದಲ್ಲ ಈರಮ್ಮ," ಎಂದರು. ದನಿ ಯಾರದೋ ಆಗಿ ಬಂತು. "ಅವಳ ಹೆಸರು ಹೊಡೆಯೋಕೆ ನನ್ನ ಕೈಲಿ ಆಗ್ಲಿಲ್ಲ, ಅದಕ್ಕೆ ಲೆಕ್ಕ ತಪ್ಪಿದೆ. ಯಾಕೆ ಆಗ್ಲಿಲ್ಲ ಅಂದ್ರೆ... ಅವತ್ತು ಅವಳು ಜೀಪು ಹತ್ತಲ್ಲ ಅಂದ್ಲು. ನಿನ್ನ ಜೊತೆ ಹೋಗ್ತೀನಿ ಅಂದ್ಲು. ನಾನೇ ರಟ್ಟೆ ಹಿಡಿದು ಕೂರಿಸಿದೆ. ಆನೆಗೆ ಹೆದರಿ ಅಲ್ಲ. ನನಗೆ ಬಸ್ಸಿಗೆ ಹೊತ್ತಾಗಿತ್ತು."

ಬಯಲಿನಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುವ ಗಲಾಟೆ ಕೇಳುತ್ತಿತ್ತು. ಈರಮ್ಮ ಪಾತ್ರೆಯನ್ನು ಅತ್ತ ಸರಿಸಿ ಕುಕ್ಕರುಗಾಲಿನಲ್ಲಿ ಕೂತಳು. ಕೈಯ ಬೂದಿಯನ್ನೇ ನೋಡಿದಳು.

"ನಂಗೆ ಕೇಳಿಸ್ತು," ಎಂದಳು.

"ಏನು?"

"ಅವಳು ಒಲ್ಲೆ ಅಂದದ್ದು. ಅವ್ವಾ ಅಂತ ಎರಡು ಸಲ ಕೂಗಿದ್ಲು. ಇಲ್ಲೇ ಕುಂತಿದ್ದೆ, ಇದೇ ಪಾತ್ರೆ. ಕೈ ಹಿಂಗೇ ಬೂದಿ ಆಗಿತ್ತು. ಹೋಗ್ಲಿ ಅತ್ಲಾಗೆ, ಇದ್ರೆ ಕಾಲಿಗೂ ಕೈಗೂ ಸಿಕ್ತಾಳೆ, ಕೆಲ್ಸ ಆಗಾಕಿಲ್ಲ ಅನ್ಕಂಡೆ. ಓ ಅನ್ಲಿಲ್ಲ ನಾನು. ಓ ಅಂದಿದ್ರೆ ಇಳ್ದು ಓಡ್ಬರ್ತಿದ್ಲು, ನೀವು ಹಿಡಿದ್ರೂ ನಿಲ್ತಿರ್ಲಿಲ್ಲ ಅವಳು."

ನಿನ್ನ ತಪ್ಪಲ್ಲ ಎಂಬ ಮಾತು ಜಗದಾಂಬನವರ ನಾಲಿಗೆಯ ತುದಿಗೆ ಬಂತು. ಮೋನಿಕಾ ನಿಷೇಧಿಸಿದ ಮೂರರಲ್ಲಿ ಅದು ಇರಲಿಲ್ಲ. ಆದರೂ ಆಡಲಾಗಲಿಲ್ಲ. ಇಬ್ಬರ ನಡುವೆ ನಲ್ಲಿ ತೊಟ್ಟಿಕ್ಕುತ್ತಿತ್ತು.

"ನೀವು ಹೇಳ್ತೀರ ಅಂತ ಕಾದೆ," ಎಂದಳು ಈರಮ್ಮ. ಈಗ ದನಿ ಗಡುಸಾಗಿತ್ತು. "ಹನ್ನೊಂದರ ತಿಥಿ ದಿನ ಬಂದ್ರಿ, ಬಾಳೆಹಣ್ಣು ಇಟ್ರಿ, ಹೋದ್ರಿ. ನೀವು ಹೇಳಿದ್ರೆ ನಾನೂ ಹೇಳ್ಬೌದಿತ್ತು. ಅವಳಪ್ಪನ ಹತ್ರ ಹೇಳಾಕಾಯ್ತದಾ? ಈಗಷ್ಟೇ ಮತ್ತೆ ಮರ ಹತ್ತಾವ್ನೆ, ಕೇಳಿದ್ರೆ ಬೀಳ್ತಾನೆ ಅವನು. ದಿನಾ ಕಾಫಿ ತಂದಿಟ್ಟು ನಿಂತ್ಕತಿದ್ದೆ. ಇವತ್ತಾದ್ರೂ ಹೇಳ್ತಾರೆ ಅಂತ. ನೀವು ದಾಸವಾಳಕ್ಕೆ ಹುಯ್ತಿದ್ರಿ."

"ನೋಡಿದ್ಯಾ?"

"ಗಿಡದ ಬುಡದಾಗೆ ಇರುವೆ ಮುತ್ಕಂಡಾವೆ ಟೀಚ್ರೇ. ಸಕ್ಕರೆ ಹಾಕಿದ್ದು ನಾನು, ಗೊತ್ತಾಗಾಕಿಲ್ವಾ?"

ಅವಳು ಅಳಲಿಲ್ಲ. ಜಗದಾಂಬನವರಿಗೆ ಅಳು ಬಂತು, ಆದರೆ ಇವಳ ಮುಂದೆ ಅಳುವುದು ತನ್ನ ಪಾಲಿನದಲ್ಲ ಎನ್ನಿಸಿ ಮುಖ ತಿರುಗಿಸಿದರು. ಕಾಗೆ ಎಲೆಯನ್ನು ಖಾಲಿ ಮಾಡಿ ಹಾರಿಹೋಗಿತ್ತು.

"ಎಲ್ಲಿ ಹಾಕ್ಬೇಕು ಸೈನು?" ಈರಮ್ಮ ಕೈ ತೊಳೆದುಕೊಂಡಳು. ಮಹಿಳಾ ಸಂಘಕ್ಕೆ ಸೇರುವಾಗ ಕಲಿತ ಮೂರಕ್ಷರದ ಹೆಸರನ್ನು ತೊಡೆಯ ಮೇಲೆ ಕಾಗದವಿಟ್ಟು ನಿಧಾನವಾಗಿ ಬರೆದಳು. ನೀರು ತಾಗಿ ಕೊನೆಯ ಅಕ್ಷರ ಹರಡಿಕೊಂಡಿತು. "ಶನಿವಾರಕ್ಕೆ ತಿಂಗ್ಳಾಯ್ತದೆ. ಅಲ್ಲಿಗಂಟ ಚೀಟಿ ಹಂಗೇ ಬರೀರಿ. ಆಮೇಲೆ ಬ್ಯಾಡ. ಹೆಸ್ರು ಹೊಡ್ದಾಕಿ."

ಶುಕ್ರವಾರ ಹನ್ನೊಂದಕ್ಕೆ ಕಾಫಿ ಬರಲಿಲ್ಲ. ಶನಿವಾರವೂ ಬರಲಿಲ್ಲ. ಖಾಲಿ ಮೇಜು ನೋಡಿ ಜಗದಾಂಬನವರಿಗೆ ಬೇಸರವಾಗಲಿಲ್ಲ, ಸರಿಯಾಗಿಯೇ ಇದೆ ಎನ್ನಿಸಿತು. ಆ ಎರಡು ದಿನ ಚೀಟಿಯಲ್ಲಿ ಒಂದನ್ನು ಬೇಕೆಂದೇ ಹೆಚ್ಚು ಬರೆದರು.

ಸೋಮವಾರ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು, ಅಡಿಪಟ್ಟಿಯಿಟ್ಟು, ಕೆಂಪು ಪೆನ್ನಿನಲ್ಲಿ ತನುಜಾಳ ಹೆಸರಿನ ಮೇಲೆ ಗೆರೆ ಎಳೆದರು. ಗೆರೆ ನೆಟ್ಟಗೇ ಬಂತು. ಮಕ್ಕಳೆಲ್ಲ ಬಂದಿದ್ದವು. ನಲವತ್ತೆರಡು ಎಂದು ಬರೆದ ಚೀಟಿಯನ್ನು ಇಸಿದುಕೊಳ್ಳಲು ಗಗನಾ ಪ್ಲಾಸ್ಟರಿನ ಕೈ ಮುಂದೆ ಚಾಚಿದಳು.

"ನೀನು ಕೂತ್ಕೊ, ನಾನೇ ಕೊಟ್ಟು ಬರ್ತೀನಿ," ಎಂದರು.

ಈರಮ್ಮ ಒಲೆಯ ಮುಂದಿದ್ದಳು. ಚೀಟಿ ಇಸಿದುಕೊಂಡು ಓದಿದಳು. ಅಷ್ಟರಲ್ಲಾಗಲೇ ಅಕ್ಕಿ ಅಳೆದು ಮೊರಕ್ಕೆ ಹಾಕಿದ್ದಳು. ಮೊರದಿಂದ ಒಂದು ಪಾಲು ಅಕ್ಕಿ ಅಳೆದು ತೆಗೆದು, ಮೂಟೆಯ ಬಾಯಿ ಬಿಚ್ಚಿ ಒಳಗೆ ಸುರಿದಳು. ಮೂಟೆಯ ಬಾಯನ್ನು ಮತ್ತೆ ಬಿಗಿದು ಕಟ್ಟಿದಳು. ಬಹಳ ಹೊತ್ತು ಕಟ್ಟಿದಳು.

ಜಗದಾಂಬ ಹೋಗಲು ತಿರುಗಿದರು.

"ಕಾಫಿ ಆ ಪಾತ್ರೆಯಾಗೈತೆ," ಎಂದಳು ಈರಮ್ಮ ಬೆನ್ನು ತಿರುಗಿಸಿಕೊಂಡೇ. "ಬೇಕಾದ್ರೆ ಬಗ್ಗಿಸ್ಕಳಿ. ನಂಗೆ ಕೈ ಬಿಡುವಿಲ್ಲ."

ಜಗದಾಂಬ ಗೂಡಿನಿಂದ ಲೋಟ ತೆಗೆದುಕೊಂಡು ಬಗ್ಗಿಸಿಕೊಂಡರು. ಬೆಳಿಗ್ಗೆ ಕಾಸಿಟ್ಟದ್ದು, ಆರಿಹೋಗಿತ್ತು, ಸಕ್ಕರೆ ಹಾಕಿರಲಿಲ್ಲ. ಬಾಗಿಲ ಹತ್ತಿರ ನಿಂತು ಪೂರಾ ಕುಡಿದರು. ಆಮೇಲೆ ಹಿಂದಕ್ಕೆ ಹೋಗಿ ಲೋಟವನ್ನು ತಾವೇ ತೊಳೆದು ಕವುಚಿಟ್ಟು, ಕ್ಲಾಸಿಗೆ ಹೋದರು.